ದಲ್ಲಾಳಿ ಶಟ್ಟೆಪ್ಪನ ಎಡಗಣ್ಣು

ನನ್ನ ಎಡಗಣ್ಣು ಒಮ್ಮೆ ಮಿಟುಕಿದರೆ ಸಾಕು, ಬೈಲಹೊಂಗಲದ ದನದ ಸಂತೆಯಲ್ಲಿ ಮುನ್ನೂರು ಜೋಡಿ ಎತ್ತುಗಳು ತಾವೇ ಹಗ್ಗ ಬಿಚ್ಚಿಕೊಂಡು ಹೊಸ ಯಜಮಾನನ ಮನೆಯ ದಾರಿ ಹಿಡಿಯುತ್ತಿದ್ದವು. ಇದನ್ನು ನಾನು ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ, ಹಸಿರು ಗೌನು ತೊಟ್ಟು ಮಂಚದ ಮೇಲೆ ಕೂತು, ನನ್ನ ಎಡಗಿವಿಯ ಹಿಂದಿನ ಕೂದಲು ಬೋಳಿಸುತ್ತಿದ್ದ ನರ್ಸ್ ಶಿವಾನಿಗೆ ಹೇಳುತ್ತಿದ್ದೆ.

"ಮುನ್ನೂರು?" ಅಂದಳು ಆಕೆ. "ಕಾಕಾ, ತಲಿ ಅಲ್ಲಾಡಿಸಬ್ಯಾಡ್ರಿ. ಕೈಯಾಗ ಬ್ಲೇಡ್ ಐತಿ."

"ಕಮ್ಮೀನ ಹೇಳೇನಿ. ಬಿತ್ತಿಗಿ ದಿನದಾಗ ಐನೂರು."

ಮೂಲೆಯಲ್ಲಿ ಕೂತಿದ್ದ ನನ್ನ ಹೆಂಡತಿ ಸಾವಿತ್ರೆವ್ವ ತಲೆ ಎತ್ತದೆ ಹೇಳಿದಳು: "ಕಿವಿಗೆ ಹಾಕ್ಕೋಬ್ಯಾಡವ್ವಾ. ಆ ಬಾಯಿಗೆ ಯಾವ ಡಾಕ್ಟರ ಹಂತ್ಯಾಕೂ ಆಪರೇಶನ್ ಇಲ್ಲ."

ನಾನು ದೊಡವಾಡದ ಶಟ್ಟೆಪ್ಪ, ದನದ ದಲ್ಲಾಳಿ. ನಮ್ಮ ಕಸುಬಿನಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟಾವೆಲ್ಲಿನ ಮರೆಯಲ್ಲಿ ಮಾರುವವನ ಕೈ ಹಿಡಿದು ಬೆರಳು ಒತ್ತುತ್ತೇವೆ. ಆಮೇಲೆ ಕೊಳ್ಳುವವನ ಕೈ. ಸುತ್ತ ಎಷ್ಟೇ ಜನ ನಿಂತಿರಲಿ, ಏನು ನಡೆಯಿತೆಂದು ಯಾರಿಗೂ ತಿಳಿಯಕೂಡದು. ಅದಕ್ಕೇ ಬೆರಳು ಮಾತಾಡುವಾಗ ಮುಖ ಹೆಣದಂತಿರಬೇಕು. ನನ್ನ ಮುಖವಂತೂ ಕಲ್ಲು. ಒಂದು ಸಲ ಕಾಗೆಯೊಂದು ಅದರ ಮೇಲೆ ಗೂಡು ಕಟ್ಟಲು ಕಡ್ಡಿ ತಂದಿತ್ತು.

ಅಂಥ ಮುಖದ ಎಡಭಾಗ ಕುಣಿಯತೊಡಗಿತು. ಮೊದಮೊದಲು ಕಣ್ಣಿನ ಕೆಳಗೆ ಇರುವೆ ಹರಿದಂತೆ. ಬರಬರುತ್ತ ರೆಪ್ಪೆ ತಾನಾಗಿ ಮುಚ್ಚಿ, ಕೆನ್ನೆ, ತುಟಿಯ ಅಂಚು ಎಲ್ಲ ಒಟ್ಟಿಗೆ ಮೇಲಕ್ಕೆ ಜಗ್ಗತೊಡಗಿದವು. ಮನೋಳಿಯ ನಿಜಗುಣಪ್ಪನವರು ಹೋರಿ ಮಾರಲು ಬಂದಿದ್ದರು. ವ್ಯಾಪಾರ ಕುದುರುವ ಹೊತ್ತು. ಅವರ ಕೈ ನನ್ನ ಟಾವೆಲ್ಲಿನ ಕೆಳಗೆ. ಈ ಕಣ್ಣು ಎದುರಿಗಿದ್ದ ಕೊಳ್ಳುವವನತ್ತ ಟಕ್ಕೆಂದು ಹೊಡೆಯಿತು. ಅವರು ಚೇಳು ಕಡಿದವರಂತೆ ಕೈ ಎಳೆದುಕೊಂಡರು.

"ಏ ಶಟ್ಟೆಪ್ಪಾ, ನನ್ನ ಕೈ ಹಿಡಕೊಂಡು ಅವಗ ಕಣ್ಣ ಹೊಡೀತೀ?"

"ಯಜಮಾನ್ರ, ಇದು ರೋಗ ರೀ."

"ರೋಗ ಐತಿ ಬಿಡು. ಮುಖದಾಗಲ್ಲ, ನಿಯತ್ತಿನಾಗ."

ಅಂದಿನಿಂದ ಯಾರು ಕೇಳಿದರೂ ನನ್ನದು ಒಂದೇ ಮಾತು: ಈ ಕಣ್ಣು ನನ್ನ ಅನ್ನ ಕಸಿದುಕೊಂಡಿತು. ತಾಯತ ಕಟ್ಟಿಸಿದ್ದಾಯಿತು, ಬಿಸಿ ಎಣ್ಣೆ ತಿಕ್ಕಿದ್ದಾಯಿತು. ಮುಖಕ್ಕೆ ಸೂಜಿ ಚುಚ್ಚಿದರು. ಕೆಲವು ತಿಂಗಳು ತೆಪ್ಪಗಿದ್ದು, ಮದ್ದಿನ ಕಸುವು ಇಳಿದೊಡನೆ ಮತ್ತೆ ಅದೇ ಕುಣಿತ. ಕಡೆಗೆ ಡಾಕ್ಟರ್ ಪದ್ಮಜಾ ಸ್ಕ್ಯಾನ್ ಮಾಡಿಸಿ ಹೇಳಿದರು:

"ಕಿವಿ ಹಿಂದ, ಮೆದುಳಿನ ಬುಡಕ್ಕ, ಒಂದು ರಕ್ತನಾಳ ನಿಮ್ಮ ಮುಖದ ನರದ ಮ್ಯಾಲೆ ಬಡೀಲಿಕ್ಕೆ ಹತ್ತೇದ. ತಲಿಬುರುಡಿಗೆ ಸಣ್ಣ ಕಿಂಡಿ ಮಾಡಿ, ಎರಡರ ನಡುವ ಮೆತ್ತನ್ನ ಚೂರು ಇಡತೇವಿ. ಬಹಳ ಮಂದಿಗೆ ನಿಲ್ಲತದ. ಅಪರೂಪಕ್ಕ ಆ ಕಡೆ ಕಿವಿ ಮಂದ ಆಗಬಹುದು."

"ನೊಗ ತಿಂದ ಹೆಗಲಿಗೆ ಅರಿವಿ ಮಡಚಿ ಇಟ್ಟಂಗ," ಎಂದು ಸಾವಿತ್ರೆವ್ವ ತಟ್ಟನೆ ತಿಳಿದುಕೊಂಡಳು. ನಮ್ಮ ಪಾಳಿ ಬರಲು ಆರು ತಿಂಗಳು ಹಿಡಿಯಿತು. ಆಕೆ ಹುಬ್ಬಳ್ಳಿಗೆ ಎಡತಾಕಿದ್ದಕ್ಕೆ ದೊಡವಾಡದ ಬಸ್ಸಿನ ಮೆಟ್ಟಿಲು ಸವೆದು, ಡೆಪೋದವರು ಹೊಸದು ಹಾಕಿಸಬೇಕಾಯಿತು.

ಶಿವಾನಿ ಬ್ಲೇಡು ಒರೆಸಿ, "ಬಾಯಿಗೆ ನೀರ ಸೈತ ಮುಟ್ಟಿಸಬ್ಯಾಡ್ರಿ ಕಾಕಾ," ಎಂದು ಎಚ್ಚರಿಸಿ ಹೋದಳು. ಸಾವಿತ್ರೆವ್ವ ಸ್ನಾನಕ್ಕೆ ಹೋದಳು. ತಾಸು ಕಳೆದ ಮೇಲೆ, ನನ್ನನ್ನು ಮಲಗಿಸಿ ಒಯ್ಯುವ ತಳ್ಳುಗಾಡಿ ನೂಕಿಕೊಂಡು ಬಂದ ಶಿವಾನಿಯ ಮುಂದೆ ಪದ್ಮಜಾ ಬಂದು ನಿಂತರು.

"ರಾತ್ರಿಯಿಂದ ಏನೂ ತಿಂದಿಲ್ಲಲ್ಲ?"

"ಚಹಾ ಬಿಸ್ಕೀಟು ಆತ್ರಿ. ಶಿವಾನಿನ ತಂದಕೊಟ್ಲು."

ತಳ್ಳುಗಾಡಿ ನಿಂತಲ್ಲೇ ನಿಂತಿತು. ಪದ್ಮಜಾ ಹಿಂದಕ್ಕೆ ತಿರುಗಿ ನೋಡಿದರು. ಶಿವಾನಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮೇಡಂ, ದೇವರಾಣಿ, ನಾ ಕೊಟ್ಟಿಲ್ಲರಿ!"

"ಕೊಟ್ಟಿಲ್ಲಂದ್ರ ಇವ್ರ ಬಾಯಾಗ ಹಾರಿ ಬಿತ್ತೇನು?" ಸ್ನಾನ ಮುಗಿಸಿ ಮರಳಿದ್ದ ಸಾವಿತ್ರೆವ್ವ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಆರು ತಿಂಗಳ ಹಾದಿ ನೋಡೇವಿ ತಂಗೀ, ಆರು ತಿಂಗಳ! ನಿನಗೇನು ಕಣ್ಣ..."

ಮಾತು ಅಲ್ಲಿಗೇ ಕಡಿಯಿತು. ಆಕೆ ನನ್ನ ಎದೆಯನ್ನು ನೋಡುತ್ತಿದ್ದಳು. ಹತ್ತಿರ ಬಂದು ಗೌನಿನ ಮೇಲಿನ ಕಲೆಯನ್ನು ಉಗುರಿನಿಂದ ಕೆರೆದು ಮೂಸಿದಳು.

"ಬಿಸ್ಕೀಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಲೇನ್ರಿ ಈ ಹುಡುಗಿ?"

"ಅದು ಔಷಧಾ..."

"ಔಷಧಕ್ಕ ಒಗ್ಗರಣಿ ಬ್ಯಾರೆ ಹಾಕ್ಯಾರು! ಎಷ್ಟ ಇಡ್ಲಿ ತಿಂದ್ರಿ?"

"ಎರಡು."

ಆಕೆ ಸೊಂಟದ ಮೇಲೆ ಕೈಯಿಟ್ಟಳು.

"ಆರು," ಅಂದೆ. "ಮ್ಯಾಲೊಂದು ವಡಾ. ಕೆಳಗ ಕ್ಯಾಂಟೀನಿನ್ಯಾಗ." ಜೀವಮಾನದಲ್ಲಿ ಮೊದಲ ಸಲ ನಾನು ಲೆಕ್ಕ ಕಡಿಮೆ ಹೇಳಿದ್ದೆ, ಅದೂ ನಡೆಯಲಿಲ್ಲ.

ಪದ್ಮಜಾ ದನಿ ಏರಿಸಲಿಲ್ಲ. "ತುಂಬಿದ ಹೊಟ್ಟಿಗೆ ಅರಿವಳಿಕೆ ಕೊಟ್ಟರ ತಿಂದದ್ದು ಮ್ಯಾಲೆ ಬಂದು ಶ್ವಾಸಕೋಶಕ್ಕ ಇಳೀತದ. ಜೀವಾನ ಹೋಗ್ತದ. ಅದಿರಲಿ, ಈ ಹುಡುಗಿ ನೌಕರಿ ಹೋಗಿದ್ರ ಏನ್ ಮಾಡತಿದ್ರಿ? ಇನ್ನ ನಿಮ್ಮ ಪಾಳಿ ಯಾವಾಗ ಬರತದೋ, ನನಗೂ ಗೊತ್ತಿಲ್ಲ." ಅವರು ಹೊರಟುಹೋದರು. ಶಿವಾನಿ ಕಣ್ಣೊರೆಸಿಕೊಂಡು ಖಾಲಿ ತಳ್ಳುಗಾಡಿಯನ್ನು ತಿರುಗಿಸಿದಳು. "ತಪ್ಪಾತವ್ವಾ," ಅಂದೆ. ಆಕೆ ನನ್ನ ಕಡೆ ನೋಡಲಿಲ್ಲ.

ಇಬ್ಬರೇ ಉಳಿದೆವು. ಸಾವಿತ್ರೆವ್ವ ಮಂಚದ ತುದಿಗೆ ಕೂತಳು. ನನ್ನ ಕಣ್ಣು ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಲೇ ಇತ್ತು.

"ಕಿವಿ ಹೋಗತೈತಿ ಅಂತ ಅಂಜಿ ತಿಂದ್ರೇನು?"

"ಅಂಜೂದಾ? ನಾನಾ? ನವಿಲುತೀರ್ಥದ ಡ್ಯಾಮಿನ ಮ್ಯಾಲಿಂದ ಜಿಗದು..."

"ಸಾಕ್ರಿ!" ಆಕೆಯ ದನಿ ಒಡೆಯಿತು. "ಖರೆ ಹೇಳ್ರಿ. ಒಂದ ಸಲರೆ ಖರೆ ಹೇಳ್ರಿ."

ಬಾಯಿ ತೆರೆದೆ. ಎಂದೂ ಕೈಕೊಡದ ಬಾಯಿಗೆ ಯಾವ ಸುಳ್ಳೂ ಬರಲಿಲ್ಲ.

"ಆಪರೇಶನ್ ಕೆಟ್ಟೀತು ಅಂತ ಅಂಜಲಿಲ್ಲ ಸಾವಿತ್ರಿ. ಛಲೋ ಆದೀತು ಅಂತ ಅಂಜಿದೆ."

ಆಕೆ ನನ್ನ ಹತ್ತಿರಕ್ಕೆ ಸರಿದಳು.

"ಈ ಕಣ್ಣ ಹೊಡಕೊಳ್ಳಾಕ ಹತ್ತೂ ಮೊದಲ ಸಂತಿ ನನ್ನ ಬಿಟ್ಟಿತ್ತು. ಹುಡುಗ್ರು ಮೊಬೈಲಿನ್ಯಾಗ ಎತ್ತಿನ ಫೋಟೋ ಹಾಕಿ ತಾವ ತಾವ ಮುಗಿಸಕೋತಾರ. ಆ ವರ್ಷ ನನ್ನ ಟಾವೆಲ್ಲಿನ ಕೆಳಗ ಬಂದದ್ದು ನಿಜಗುಣಪ್ಪನವರ ಕೈ ಒಂದ. ಅದೂ ಹೋತು. ಎಲ್ಲಾ ಕಣ್ಣಿನ ಮ್ಯಾಲೆ ಹಾಕಿದೆ. ನಾಳಿ ಇದು ನಿಂತಿತು, ನಾ ಸಂತ್ಯಾಗ ಹೋಗಿ ನಿಂತೆ ಅನ್ನು. ಆವಾಗೂ ಯಾರೂ ಬರಲಿಲ್ಲಂದ್ರ, ಯಾವುದರ ಮ್ಯಾಲೆ ಹಾಕಲಿ?"

ಸಾವಿತ್ರೆವ್ವ ಚೀಲದಿಂದ ಬುತ್ತಿಯ ಗಂಟು ತೆಗೆದು ಬಿಚ್ಚಿದಳು. ನಿನ್ನೆ ರಾತ್ರಿಯ ಊಟಕ್ಕೆಂದು ಕಟ್ಟಿ ತಂದ ರೊಟ್ಟಿಗಳು ಮಡಿಕೆ ಕದಲದೆ ಹಾಗೇ ಇದ್ದವು.

"ನೀ ಉಂಡಿಲ್ಲೇನು?"

"ನೀವು ಉಪಾಸ ಅದೀರಿ ಅಂತ..."

ಒಂದು ರೊಟ್ಟಿ ಮುರಿದು ಅರ್ಧವನ್ನು ನನ್ನ ಕೈಗಿಟ್ಟಳು. ಉಳಿದರ್ಧವನ್ನು ಗೋಡೆ ನೋಡುತ್ತ ಜಗಿಯತೊಡಗಿದಳು. ನನ್ನ ಹೊಟ್ಟೆಯಲ್ಲಿ ಒಂದು ತುತ್ತಿಗೂ ಜಾಗವಿರಲಿಲ್ಲ. ತಿಂದೆ.