ಗುಬ್ಬಿ ನೀರು ಕುಡಿಯುತ್ತಿರಲಿಲ್ಲ

ಬೆಳಿಗ್ಗೆ ಎಂಟೂವರೆಗೆ ಹೊಲಿಗೆ ಯಂತ್ರಗಳು ಶುರುವಾದವೆಂದರೆ ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಪಕ್ಕದವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಮೂರನೇ ಸಾಲಿನ ಇಪ್ಪತ್ತನಾಲ್ಕು ಹೆಂಗಸರ ಮೇಲ್ವಿಚಾರಣೆ ದೊಡ್ಡಕ್ಕನದು. ಹತ್ತೊಂಬತ್ತು ವರ್ಷ ಅದೇ ಸಾಲಿನಲ್ಲಿ ಕಾಲರ್ ಹೊಲಿದು ಮೇಲೆ ಬಂದವಳು. ಊಟದ ಹೊತ್ತು ಬಿಟ್ಟರೆ ತಾನು ಶೌಚಾಲಯಕ್ಕೆಂದು ಎದ್ದವಳೇ ಅಲ್ಲ ಎಂಬುದು ಅವಳ ಹೆಗ್ಗಳಿಕೆ. ಹೊಸಬರು ಬಂದಾಗಲೆಲ್ಲ ಅದನ್ನು ಹೇಳದೆ ಬಿಡುತ್ತಿರಲಿಲ್ಲ.

"ಅಕ್ಕಾ, ಒಂದು ನಿಮಿಷ ಹೋಗಿ ಬರ್ಲಾ?" ಎಂದು ಅಂಗಿಗೆ ತೋಳು ಕೂಡಿಸುವ ಹುಡುಗಿ ಕೇಳಿದ್ದಳು. ಸಣಕಲು ಮೈ, ಚಟಪಟ ಮಾತು; ಎಲ್ಲರಿಗೂ ಅವಳು ಗುಬ್ಬಿ.

"ನೀನು ಎದ್ರೆ ನಿನ್ನ ಹಿಂದಿನವರು ಬಾಯಿ ಬಿಟ್ಕೊಂಡು ಕೂತಿರಬೇಕಾ? ನೀರು ಕಮ್ಮಿ ಕುಡಿ. ಎಲ್ಲಾ ಸರಿ ಹೋಗುತ್ತೆ."

ಗುಬ್ಬಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಊಟದ ಜೊತೆ ಎರಡು ಗುಟುಕು, ಅಷ್ಟೇ. ನಾಲ್ಕೈದು ತಿಂಗಳು ಹಾಗೇ ಕಳೆಯಿತು. ಒಂದು ವಾರ ಸೊಂಟ ಹಿಡಿದುಕೊಂಡು ಕೂತಳು. ಚಳಿಜ್ವರ ಅಂದಳು. ದೊಡ್ಡಕ್ಕನಿಗೆ ಇಂಥ ನಾಟಕ ಹೊಸದಲ್ಲ. ಬುಧವಾರ ಹುಡುಗಿ ಯಂತ್ರದ ಮೇಲೇ ಕುಸಿದುಬಿದ್ದಾಗ ಮಾತ್ರ ದೊಡ್ಡಕ್ಕ ಓಡಿಬಂದಳು. ಅವಳೇ ಆಸ್ಪತ್ರೆಗೆ ಕರೆದೊಯ್ದಳು. ಗುಬ್ಬಿಯ ತಾಯಿ ಏದುಸಿರು ಬಿಡುತ್ತ ಅಲ್ಲಿಗೇ ಬಂದಳು.

ಡಾಕ್ಟರಮ್ಮ ತಮ್ಮ ಬೆನ್ನಿನ ಮೇಲೇ ಕೈಯಿಟ್ಟು ತೋರಿಸಿದರು. "ಪಕ್ಕೆಲುಬಿನ ಕೆಳಗೆ ಈ ಕಡೆ ಒಂದು, ಆ ಕಡೆ ಒಂದು ಮೂತ್ರಪಿಂಡ. ದಿನವಿಡೀ ರಕ್ತ ಸೋಸ್ತಾನೇ ಇರ್ತಾವೆ. ಸೋಸಿದ ಕೊಳೆ ನೀರಿನ ಜೊತೆ ಕೆಳಗಿನ ಚೀಲಕ್ಕೆ ಇಳಿಯುತ್ತೆ. ನೀರೂ ಕುಡೀದೆ, ಹೊರಗೂ ಬಿಡದೆ ಹಿಡಿದಿಟ್ರೆ ಅಲ್ಲಿ ರೋಗಾಣು ಬೆಳೆಯೋದು ಸುಲಭ. ಇವಳಿಗೆ ಅದು ಮೇಲಕ್ಕೆ ಹತ್ತಿ ಬಲಗಡೆ ಮೂತ್ರಪಿಂಡ ಮುಟ್ಟಿದೆ, ರಕ್ತಕ್ಕೂ ಸೇರಿದೆ. ಜೀವಕ್ಕೆ ಅಪಾಯ ಇಲ್ಲ ಅನ್ಕೊಂಡಿದ್ದೀನಿ. ಆ ಮೂತ್ರಪಿಂಡ ಮೊದಲಿನ ಹಾಗೆ ಆಗುತ್ತಾ ಅಂದ್ರೆ ಈಗ ಹೇಳಕ್ಕಾಗಲ್ಲ."

"ನೀರು ಕುಡಿಯೋಕೆ ಏನೇ ಧಾಡಿ ನಿಂಗೆ?" ತಾಯಿ ಅಳುತ್ತಲೇ ಗದರಿದಳು.

ಗುಬ್ಬಿ ಒಂದು ಕ್ಷಣ ದೊಡ್ಡಕ್ಕನ ಕಡೆ ನೋಡಿದಳು. "ಬಾಯಾರಿಕೆನೇ ಆಗ್ತಿರಲಿಲ್ಲಮ್ಮ," ಎಂದಳು.

ದೊಡ್ಡಕ್ಕ ತಲೆ ಎತ್ತಲಿಲ್ಲ. ಹುಡುಗಿ ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಮೂರು ವರ್ಷದಿಂದ ತನಗೂ ಬಂದು ಹೋಗುವ ಉರಿಮೂತ್ರ, ಅದಕ್ಕೆ ಯಾರಿಗೂ ಹೇಳದೆ ನುಂಗುವ ಮಾತ್ರೆ ನೆನಪಾದವು. ಇದನ್ನೇ ಅಲ್ಲವೇ ತಾನು ಹೆಗ್ಗಳಿಕೆ ಎಂದು ಹಂಚಿದ್ದು?

ಮರುದಿನ ಮ್ಯಾನೇಜರ್ ಮುಂದೆ ನಿಂತು, ಕೆಲಸದ ನಡುವೆ ಹೆಂಗಸರನ್ನು ಶೌಚಾಲಯಕ್ಕೆ ಬಿಡಬೇಕೆಂದು ಕೇಳಿದಳು.

"ನಿಮ್ಮ ಬಾಯಲ್ಲಿ ಈ ಮಾತಾ, ದೊಡ್ಡಕ್ಕ?" ಅವರು ನಿಜಕ್ಕೂ ಬೆರಗಾದರು. "ಒಬ್ಬೊಬ್ಬರಿಗೆ ಐದು ನಿಮಿಷ ಅಂದ್ರೂ ಒಂದು ಸಾಲಿಗೇ ಎರಡು ಗಂಟೆ. ಸರಕು ತಡವಾದ್ರೆ ಮುಂದಿನ ಆರ್ಡರ್ ಇನ್ನೊಬ್ಬರ ಪಾಲು. ಆಮೇಲೆ ಎಲ್ಲರೂ ಮನೇಲಿ ಕೂತು ಎಷ್ಟು ಸಲ ಬೇಕಾದ್ರೂ ಹೋಗಬಹುದು. ಹೀಗೆ ತಡೆಯೋಕೆ ನನಗೇನು ಆಸೆನಾ ಹೇಳಿ?"

"ನೀರು ಕಮ್ಮಿ ಕುಡಿ ಅಂತ ಹೇಳಿದ್ದು ನಾನೇ ಸರ್. ಅದಕ್ಕೇ ಕೇಳ್ತಿದ್ದೀನಿ."

"ಈ ಸರಕು ಹೋಗಲಿ, ನೋಡೋಣ."

ದೊಡ್ಡಕ್ಕ ನೇರವಾಗಿ ಸಾಲಿನ ನಡುವೆ ಬಂದು ನಿಂತಳು. "ನಾನು ಹೋಗ್ತಿದ್ದೀನಿ. ಯಾರಿಗೆ ಬೇಕೋ ಬನ್ನಿ," ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಒಬ್ಬರೂ ಏಳಲಿಲ್ಲ. ಯಾಕೆ ಏಳುತ್ತಾರೆ? ಇಷ್ಟು ವರ್ಷ ಹೆದರಿಸಿಟ್ಟವಳು ಅವಳೇ. ಅವಳು ಒಬ್ಬಳೇ ಹೋಗಿ ಬಂದಳು. ಬಂದವಳು ಕಾಲರ್ ಹೊಲಿಯುವವಳ ಭುಜ ತಟ್ಟಿದಳು.

"ಏಳು. ನೀನು ಬರೋವರೆಗೆ ನಾನು ಹೊಲೀತೀನಿ."

ಆಕೆ ನಂಬದೆ ಎರಡು ಸಲ ಹಿಂತಿರುಗಿ ನೋಡುತ್ತಲೇ ಹೋದಳು. ಅವಳು ಬಂದ ಮೇಲೆ ದೊಡ್ಡಕ್ಕ ಪಕ್ಕದ ಕುರ್ಚಿಗೆ ಸರಿದಳು. ಆಮೇಲೆ ಅದರ ಪಕ್ಕದ್ದಕ್ಕೆ. ಕೈ ಮೊದಲಿನಷ್ಟು ಚುರುಕಿರಲಿಲ್ಲ. ಜೇಬು ಹೊಲಿಯುವಾಗ ಎರಡು ಸಲ ದಾರ ತುಂಡಾಯಿತು. ಐದನೆಯವಳು ಎದ್ದು ಹೋಗುವಾಗ ಮ್ಯಾನೇಜರ್ ಬಂದು ಯಂತ್ರದ ಪಕ್ಕದಲ್ಲೇ ನಿಂತರು.

"ಇದು ನಿಮ್ಮ ಕೆಲಸ ಅಲ್ಲ, ದೊಡ್ಡಕ್ಕ."

ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ಆ ಕಡೆ ನಿಂತ್ಕೊಳಿ ಸರ್. ಬೆಳಕಿಗೆ ಅಡ್ಡ ಆಗ್ತಿದೆ."