ಉಜ್ಜುಹಲಗೆಗೆ ಸಿಕ್ಕ ಸದಸ್ಯತ್ವ

ಸಂಗೀತಗಾರರ ಸಂಘದವರು ಕ್ವೀನಿ ಪ್ಲಕ್‌ರೋಸ್‌ಳನ್ನು ಮೊದಲ ಸಲ ಹೊರಗೆ ಕಳಿಸಿದ್ದು 1955ರ ಒಂದು ಭಾನುವಾರ ಬೆಳಿಗ್ಗೆ. ಲಂಡನ್ನಿನ ಬರ್ಮಂಡ್ಸಿಯ ಪಬ್ಬೊಂದರ ಮಹಡಿಯಲ್ಲಿ ಶಾಖೆಯ ಸಭೆ ನಡೆದಿತ್ತು. ಕೆಳಗಿನ ಬಿಯರ್ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂದು ಕೂತಿತ್ತು. ಮೇಜಿನ ಹಿಂದೆ ಮೂವರು ಗಂಡಸರಿದ್ದರು. ನಡುವೆ ಇದ್ದವನು ಕಾರ್ಯದರ್ಶಿ ಹೊರೇಸ್ ಪಿಂಚ್‌ಬೆಕ್, ಪೆಲಿಕನ್ ಥಿಯೇಟರಿನ ವಾದ್ಯವೃಂದದಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರಮ್ ಬಾರಿಸುತ್ತಿದ್ದವನು. ತಲೆಗೂದಲಿನಿಂದ ಷೂ ದಾರದವರೆಗೆ ಅವನಲ್ಲಿ ಎಲ್ಲವೂ ಅಚ್ಚುಕಟ್ಟು. ನಗುವಿನಲ್ಲಿ ಮಾತ್ರ ಮಹಾ ಜಿಪುಣ.

"ಯಾವ ವಾದ್ಯ?" ಎಂದು ಕೇಳಿದ.

ಕ್ವೀನಿ ಚೀಲದಿಂದ ಬಟ್ಟೆ ಉಜ್ಜುವ ಹಲಗೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಮರದ ಚೌಕಟ್ಟು, ನಡುವೆ ಏಣು ಏಣಾದ ಸತುವಿನ ತಗಡು. ತೀರಿಹೋದ ತಾಯಿಯದು. ಆಮೇಲೆ ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಅಂಗುಸ್ತಾನಗಳನ್ನು ಒಂದೊಂದಾಗಿ ಎಂಟು ಬೆರಳಿಗೂ ಏರಿಸತೊಡಗಿದಳು.

"ಸಾಕು ಸಾಕು, ಹಾಕ್ಕೋಬೇಡ," ಎಂದ ಪಿಂಚ್‌ಬೆಕ್. "ಇದು ವಾದ್ಯ ಅಲ್ಲ ಕಣಮ್ಮ, ಬಟ್ಟೆ ಒಗೆಯೋ ಸಾಮಾನು. ಇವತ್ತು ಇದಕ್ಕೆ ಸದಸ್ಯತ್ವದ ಚೀಟಿ ಕೊಟ್ರೆ ನಾಳೆ ಪೊರಕೆ ಹಿಡ್ಕೊಂಡು ಬರ್ತಾರೆ."

"ನಮ್ಮ ತಂಡದ ಟೆಡ್ ಬಾರಿಸೋದು ಪೊರಕೆ ಕೋಲನ್ನೇ ಸಾರ್. ಚಹಾ ಪೆಟ್ಟಿಗೆಗೆ ಸಿಕ್ಕಿಸಿ, ದಾರ ಕಟ್ಟಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಿಂಚ್‌ಬೆಕ್ ಕೂಡ ನಕ್ಕ. ಕ್ವೀನಿ ತಮಾಷೆಗೆ ಹೇಳಿರಲಿಲ್ಲ.

ಸ್ಕಿಫಲ್ ಅಂದರೇನೆಂದು ಆಗ ಲಂಡನ್ನಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅಮೆರಿಕದ ರೈಲುದಾರಿಯ ಕೂಲಿಗಳ, ಕೈದಿಗಳ ಹಾಡುಗಳನ್ನು ಮನೆಯಲ್ಲಿ ಕೈಗೆ ಸಿಕ್ಕಿದ ಸಾಮಾನು ಬಾರಿಸಿಕೊಂಡು ಹಾಡುವುದು, ಅಷ್ಟೆ. ಅದನ್ನು ಬರ್ಮಂಡ್ಸಿಗೆ ತಂದವರು ಕ್ವೀನಿ ಮತ್ತು ಅವಳ ಬೀದಿಯವನೇ ಆದ ಗಿಟಾರಿನ ಲೆನ್ ಸ್ಪರ್‌ಲಿಂಗ್. ಎರಡು ವರ್ಷದ ಹಿಂದೆ ಪಬ್ಬಿನ ಹಿಂಗೋಣೆಯಲ್ಲಿ ಹನ್ನೊಂದು ಜನರ ಮುಂದೆ ಶುರುಮಾಡಿದ್ದರು, ಅದರಲ್ಲಿ ನಾಲ್ವರು ಮಳೆಗೆ ನಿಂತವರು. ಮುಂದೆ ಊರಿಗೆ ಊರೇ ಹುಚ್ಚು ಹತ್ತಿಸಿಕೊಂಡಿತು. ಬೀದಿಗೊಂದು ತಂಡ ಹುಟ್ಟಿಕೊಂಡಿತು. ಅಂಗಡಿಯಲ್ಲಿ ಉಜ್ಜುಹಲಗೆ ಸಿಗದೆ ಗೃಹಿಣಿಯರು ಸ್ಕಿಫಲ್‌ನವರಿಗೆ ಹಿಡಿಶಾಪ ಹಾಕುವ ಕಾಲವೂ ಬಂತು.

ಲೆನ್, ಟೆಡ್ ಮತ್ತು ಬ್ಯಾಂಜೋದ ಮಾರಿಸ್ ಸುಲಭದ ದಾರಿ ಹಿಡಿದರು. ದೊಡ್ಡ ಥಿಯೇಟರುಗಳಲ್ಲಿ ಯಾವುದಾದರೊಂದು ಸಂಘದ ಚೀಟಿ ಇಲ್ಲದೆ ರಂಗ ಹತ್ತುವಂತಿರಲಿಲ್ಲ. ಜಾದೂಗಾರರು, ಚೆಂಡು ಹಾರಿಸುವವರು, ನಾಯಿ ಕುಣಿಸುವವರು ಸೇರುವ ಬೇರೊಂದು ಸಂಘವಿತ್ತು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

"ನೀನೂ ಬಂದ್ಬಿಡೇ," ಎಂದ ಲೆನ್. "ಚೀಟಿ ಚೀಟೀನೇ. ಬಾಗಿಲು ತೆಗೆದ್ರೆ ಸಾಕಲ್ವಾ?"

"ನಾನು ನಾಯಿ ಕುಣಿಸಲ್ಲ ಲೆನ್. ನಾನು ಸಂಗೀತಗಾರ್ತಿ. ಹಾಗಂತ ಅವರೇ ಬರ್ದು ಕೊಡ್ಬೇಕು."

"ಆ ಪಿಂಚ್‌ಬೆಕ್ ಸತ್ರೂ ಬರ್ಕೊಡಲ್ಲ."

"ಸಾಯೋಕ್ಮುಂಚೆ ಬರೆಸ್ಕೋತೀನಿ ಬಿಡು."

ಮನೆಯಲ್ಲಿ ಅಪ್ಪ ವಾಲಿ ಬೇರೆ. ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು, ಸಂಘವೆಂದರೆ ದೇವಸ್ಥಾನದಷ್ಟೇ ಭಕ್ತಿ. ಸಂಜೆ ಬ್ರೆಡ್ಡಿಗೆ ಕೊಬ್ಬು ಸವರಿಕೊಂಡು ತಿನ್ನುತ್ತ ಹೇಳಿದ, "ನಿಮ್ಮಮ್ಮ ಇಪ್ಪತ್ತು ವರ್ಷ ಅದೇ ಹಲಗೆ ಬಾರಿಸಿದ್ಲು ಮಗಳೇ. ಒಬ್ರೂ ಚಪ್ಪಾಳೆ ತಟ್ಲಿಲ್ಲ."

"ನೀನು ತಟ್ಟಬಹುದಿತ್ತಲ್ಲಪ್ಪ."

ವಾಲಿ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟ. "ಹೂಂ, ತಟ್ಟಬಹುದಿತ್ತು," ಎಂದ.

ಮರುವರ್ಷ ಕ್ವೀನಿ ಮತ್ತೆ ಅದೇ ಮೆಟ್ಟಿಲು ಹತ್ತಿದಳು. ಅಷ್ಟು ಹೊತ್ತಿಗೆ ಅವಳ ಹೆಸರು ಥೇಮ್ಸ್ ನದಿ ದಾಟಿತ್ತು. ಹಾಗಾಗಿ ಪಿಂಚ್‌ಬೆಕ್ ನಗಲಿಲ್ಲ. ಒಂದೇ ಪ್ರಶ್ನೆ ಕೇಳಿದ, "ಸ್ವರಲಿಪಿ ಓದೋಕೆ ಬರುತ್ತಾ?" ಬರುತ್ತಿರಲಿಲ್ಲ. "ಓದಕ್ಕೆ ಬರದವರನ್ನ ಸೇರಿಸ್ಕೊಳ್ಳೋದು ಈ ಶಾಖೇಲಿಲ್ಲ. ಹೋಗ್ಬಾ."

ಕ್ವೀನಿ ಮೆಟ್ಟಿಲಿಳಿದು ಬಂದು ಬೀದಿಯಲ್ಲಿ ನಿಂತು ಅವನ ವಂಶವನ್ನೆಲ್ಲ ಬೈದಳು. ಬೈದು ಮುಗಿದ ಮೇಲೆ ನೆಟ್ಟಗೆ ಮಿಸ್ ಟಿಡ್‌ಮಾರ್ಷ್ ಮನೆಗೆ ಹೋದಳು. ಆಕೆ ಪ್ರಾರ್ಥನಾಮಂದಿರದಲ್ಲಿ ಪಿಯಾನೋ ನುಡಿಸುವ ಮುದುಕಿ. ಪಾಠ ಬಿಗಿ, ನಾಲಿಗೆ ಇನ್ನೂ ಹರಿತ. ಬಿಸ್ಕತ್ ಕಾರ್ಖಾನೆಯ ಪಾಳಿ ಮುಗಿಸಿ ಕ್ವೀನಿ ವಾರಕ್ಕೆ ಮೂರು ದಿನ ಅಲ್ಲಿ ಹೋಗಿ ಕೂತಳು. ಇಪ್ಪತ್ತಾರರ ವಯಸ್ಸಿನಲ್ಲಿ ಅಕ್ಷರ ಕಲಿಯುವ ಸಂಕಟ ಸಣ್ಣದಲ್ಲ. ಕಪ್ಪು ಚುಕ್ಕೆಗಳೆಲ್ಲ ಕಣ್ಣಿಗೆ ಒಂದೇ ತರ ಕಾಣುತ್ತಿದ್ದವು. ಒಂದು ದಿನ ಅಳುವೇ ಬಂತು, ಅತ್ತಳು, ಮೂಗೊರೆಸಿಕೊಂಡು ಪುಟ ತಿರುಗಿಸಿದಳು. ಕಾರ್ಖಾನೆಯಲ್ಲಿ ಡಬ್ಬಗಳಿಗೆ ಮುಚ್ಚಳ ಹಾಕುತ್ತ ಪಾಠವನ್ನು ಬೆರಳಿನಲ್ಲಿ ಬಡಿಯುತ್ತಿದ್ದಳು. ಮೇಲ್ವಿಚಾರಕಿ ಬೈದರೆ ಇನ್ನಷ್ಟು ಮೆಲ್ಲಗೆ ಬಡಿಯುತ್ತಿದ್ದಳು, ನಿಲ್ಲಿಸುತ್ತಿರಲಿಲ್ಲ.

ಮೂರನೆಯ ಸಲ ಪಿಂಚ್‌ಬೆಕ್ ಅವಳ ಮುಂದೆ ಒಂದು ಹಾಳೆ ಇಟ್ಟ. ದೊಂಬರಾಟದವರು ಲಾಗ ಹಾಕುವಾಗ ನುಡಿಸುವ ನಾಗಾಲೋಟದ ಗತ್ತು ಅದು. ಕ್ವೀನಿ ಹಲಗೆಯನ್ನು ಎದೆಗೆ ಒರಗಿಸಿಕೊಂಡು, ಕಣ್ಣು ಹಾಳೆಯಿಂದ ಕೀಳದೆ ಬಾರಿಸುತ್ತ ಹೋದಳು. ಮೂರನೆಯ ಸಾಲಿನಲ್ಲಿ ಥಟ್ಟನೆ ನಿಂತಳು.

"ಯಾಕೆ, ಕಷ್ಟ ಆಯ್ತಾ?" ಎಂದ ಪಿಂಚ್‌ಬೆಕ್.

"ಇಲ್ಲಿ ತಪ್ಪಿದೆ ಸಾರ್. ನಾಲ್ಕು ಏಟು ಇರ್ಬೇಕಾದ ಕಡೆ ಮೂರೂವರೆ ಇದೆ. ನಕಲು ಮಾಡಿದ ಮಹಾನುಭಾವ ಯಾರೋ ತೂಕಡಿಸಿದ್ದಾನೆ."

ಪಿಂಚ್‌ಬೆಕ್ ಕನ್ನಡಕ ಹಾಕಿಕೊಂಡು ನೋಡಿದ. ಪಕ್ಕದಲ್ಲಿದ್ದ ಇಬ್ಬರೂ ಬಗ್ಗಿ ನೋಡಿದರು. "ನಕಲು ಮಾಡಿದ್ದು ನಾನೇ," ಎಂದ ಅವನು. "ಆರು ವರ್ಷದಿಂದ ಹಾಗೇ ಬಾರಿಸ್ತಿದೀನಿ." ಆಮೇಲೆ ಪೆನ್ನು ತೆಗೆದು ಚೀಟಿಯಲ್ಲಿ ಅವಳ ಹೆಸರು ಬರೆದ. ವಾದ್ಯ ಎಂಬಲ್ಲಿ 'ಡ್ರಮ್' ಎಂದು ಗೀಚಿದ. ಕ್ವೀನಿ ಅದನ್ನು ಹೊಡೆದು ಹಾಕಿಸಿ 'ಉಜ್ಜುಹಲಗೆ' ಎಂದು ಬರೆಸಿಕೊಂಡೇ ಮೆಟ್ಟಿಲಿಳಿದಳು.

ಅದಾಗಿ ಐದು ವಾರಕ್ಕೆ ಪೆಲಿಕನ್ ಥಿಯೇಟರಿನಿಂದ ಕರೆ ಬಂತು. ಆರು ದಿನ, ದಿನಕ್ಕೆರಡು ಆಟ, ಗೋಡೆಪಟದಲ್ಲಿ ಎಲ್ಲರಿಗಿಂತ ಮೇಲೆ ಅವರ ತಂಡದ ಹೆಸರು. ಬುಧವಾರ ರೆಕಾರ್ಡ್ ಕಂಪನಿಯವರು ಬಂದು ಕೇಳುತ್ತಾರೆಂಬ ಸುದ್ದಿಯೂ ಜೊತೆಗಿತ್ತು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಪೆಲಿಕನ್ನಿನ ಅಟ್ಟದಿಂದ ಆಟ ನೋಡಿದವಳು ಕ್ವೀನಿ. ಅವಳಿಗೆ ಬೇಕಾಗಿದ್ದೆಲ್ಲ ಆ ಒಂದು ಕಾಗದದಲ್ಲಿತ್ತು.

ಆ ಥಿಯೇಟರುಗಳಲ್ಲಿ ಒಂದು ಪದ್ಧತಿಯಿದೆ. ಸೋಮವಾರ ಬೆಳಿಗ್ಗೆ ವಾದ್ಯವೃಂದದ ಜೊತೆ ಅಭ್ಯಾಸ. ಕಲಾವಿದರು ತಮ್ಮ ತಮ್ಮ ಸ್ವರಲಿಪಿಯ ಹಾಳೆಗಳನ್ನು ರಂಗದ ಅಂಚಿನ ದೀಪಗಳ ಪಕ್ಕ ಸಾಲಾಗಿ ಇಡುತ್ತಾರೆ. ಯಾರು ಮೊದಲು ಇಟ್ಟರೋ ಅವರದು ಮೊದಲ ಸರದಿ. ಪಟದಲ್ಲಿ ಮೇಲಿರಲಿ ಕೆಳಗಿರಲಿ, ಅಲ್ಲಿ ಎಲ್ಲರೂ ಒಂದೇ. ಸ್ಕಿಫಲ್‌ನವರಿಗೆ ಹಾಳೆಯ ಹಂಗಿರಲಿಲ್ಲ, ಇಟ್ಟವರೂ ಇಲ್ಲ. ಆದರೆ ಕ್ವೀನಿ ಎರಡು ವಾರ ಕೂತು ಹದಿನಾಲ್ಕು ವಾದ್ಯಗಳಿಗೂ ತಾನೇ ಹಾಳೆ ಬರೆದಿದ್ದಳು. ಪಿಟೀಲು, ತುತ್ತೂರಿಗಳ ನಡುವೆ ಉಜ್ಜುಹಲಗೆ ಹೇಗೆ ಕೇಳುತ್ತದೆಂದು ಒಮ್ಮೆ ಕೇಳಬೇಕಿತ್ತು ಅವಳಿಗೆ. ಸೋಮವಾರ ಎಂಟೂವರೆಗೇ, ಉಳಿದ ಕಲಾವಿದರಿಗಿಂತ ಮೊದಲು, ಹಲಗೆಯ ಚೀಲ ಹೆಗಲಿಗೆ ಹಾಕಿ, ಹಾಳೆಗಳ ಕಟ್ಟು ಬಗಲಲ್ಲಿ ಇರುಕಿಕೊಂಡು ಪೆಲಿಕನ್ನಿನ ಹಿಂಬಾಗಿಲಿಗೆ ಬಂದಳು.

ಬಾಗಿಲ ಮುಂದೆ ಹದಿನಾಲ್ಕು ಜನ ನಿಂತಿದ್ದರು. ಪಿಟೀಲಿನವನು ಪಿಟೀಲಿನ ಜೊತೆ, ತುತ್ತೂರಿಯವನು ತುತ್ತೂರಿಯ ಜೊತೆ. ರಂಗಕ್ಕೆ ಹಾಕುವ ಕಪ್ಪು ಕೋಟು ಹಾಕಿಕೊಂಡು, ಪುಟ್ಟ ಡ್ರಮ್ಮೊಂದನ್ನು ಕೊರಳಿಗೆ ನೇತುಹಾಕಿಕೊಂಡು, ಕೈಯಲ್ಲೊಂದು ಫಲಕ ಹಿಡಿದು ಹೊರೇಸ್ ಪಿಂಚ್‌ಬೆಕ್ ನಿಂತಿದ್ದ. 'ನಮ್ಮನ್ನು ಕೆಲಸದಿಂದ ತೆಗೆದಿದ್ದಾರೆ' ಎಂದಷ್ಟೇ ಫಲಕದಲ್ಲಿ ಬರೆದಿತ್ತು.

"ಏನಿದು ಸಾರ್?"

"ಶನಿವಾರ ಆಟ ಮುಗಿದ್ಮೇಲೆ ಎಲ್ರಿಗೂ ಒಂದೊಂದು ಲಕೋಟೆ ಕೊಟ್ರು," ಎಂದ ಪಿಂಚ್‌ಬೆಕ್. "ಇನ್ಮೇಲೆ ವಾದ್ಯವೃಂದ ಬೇಡ್ವಂತೆ. ಜನ ಬರೋದು ಸ್ಕಿಫಲ್ ಕೇಳೋಕೆ, ಅವರ ಸಾಮಾನು ಅವರೇ ತರ್ತಾರೆ. ಮಿಕ್ಕವರಿಗೆ ಒಂದು ಪಿಯಾನೋ, ಒಂದು ಗ್ರಾಮಫೋನು." ಅವನ ಮಾತಿನಲ್ಲಿ ಕುಟುಕು ಇರಲಿಲ್ಲ. ಅದೇ ಕ್ವೀನಿಯ ಎದೆಗೆ ನಾಟಿತು. ಅವನು ಮೊದಲ ದಿನವೇ ಯಾತಕ್ಕೆ ಹೆದರಿದ್ದನೋ ಅದು ಈಗ ಅವನೆದುರು ನಿಂತಿತ್ತು, ಬಗಲಲ್ಲಿ ಹಾಳೆ ಇರುಕಿಕೊಂಡು.

ಅಷ್ಟರಲ್ಲಿ ಲೆನ್, ಟೆಡ್, ಮಾರಿಸ್ ಬಂದರು. ಟೆಡ್‌ನ ತಲೆಯ ಮೇಲೆ ಚಹಾ ಪೆಟ್ಟಿಗೆ ಇತ್ತು. ಫಲಕ ನೋಡಿ ಮೂವರೂ ನಿಂತರು.

"ನಮ್ಮ ಸಂಘಕ್ಕೂ ಈ ಜಗಳಕ್ಕೂ ಸಂಬಂಧ ಇಲ್ಲ," ಎಂದ ಲೆನ್, ಯಾರ ಮುಖವನ್ನೂ ನೋಡದೆ. "ನಡಿ ಕ್ವೀನಿ."

"ನನ್ನ ಸಂಘಕ್ಕಿದೆಯಲ್ಲೋ."

"ತಲೆ ಕೆಟ್ಟಿದ್ಯಾ ನಿಂಗೆ? ಎರಡು ವರ್ಷ ಈ ಬಾಗಿಲಿಗೋಸ್ಕರ ತಾನೇ ಒದ್ದಾಡಿದ್ದು? ಇದೇ ಮನುಷ್ಯ ನಿನ್ನ ಹಲಗೆ ನೋಡಿ ಹಲ್ಲು ಕಿಸಿದಿದ್ದ! ಇವನಿಗೋಸ್ಕರ ಹೊರಗೆ ನಿಲ್ತೀಯಾ?"

ಲೆನ್ ಹೇಳಿದ್ದರಲ್ಲಿ ಸುಳ್ಳೇನಿತ್ತು? ಒಳಗೆ ರಂಗದ ದೀಪಗಳನ್ನು ಒಂದೊಂದಾಗಿ ಹಚ್ಚುತ್ತಿದ್ದುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಒಳಗೆ ಹೋಗುವ ಆಸೆಗೆ ಕ್ವೀನಿ ತನಗರಿವಿಲ್ಲದೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

ಪಿಂಚ್‌ಬೆಕ್ ಫಲಕವನ್ನು ಗೋಡೆಗೆ ಒರಗಿಸಿ ಅವಳ ಹತ್ತಿರ ಬಂದ. "ಹೋಗಮ್ಮ," ಎಂದ ಮೆಲ್ಲಗೆ. "ನಾವ್ಯಾರೂ ನಿನ್ನ ಬೈಯಲ್ಲ. ಬೈಯೋಕೆ ನಮಗೆ ಮುಖ ಎಲ್ಲಿದೆ? ಎರಡು ಸಲ ಹೊರಗೆ ಹಾಕಿದ್ದೀವಿ. ಬುಧವಾರ ಕಂಪನಿಯೋರು ಬರ್ತಾರಂತಲ್ಲ, ನಂಗೂ ಗೊತ್ತು. ಚೀಟಿ ವಾಪಸ್ ಕೊಟ್ಟು ಹೋಗು. ನಾನೇ ಬರ್ಕೋತೀನಿ, ನೀನಾಗೇ ಬಿಟ್ಟೆ ಅಂತ."

ಕ್ವೀನಿ ಕೋಟಿನ ಒಳಜೇಬಿನಿಂದ ಚೀಟಿ ತೆಗೆದಳು. ಐದು ವಾರಕ್ಕೇ ಅದರ ಮೂಲೆ ಮಡಚಿತ್ತು, ತೋರಿಸದೆ ಬಿಟ್ಟ ಮನೆಯಿರಲಿಲ್ಲ ಆ ಬೀದಿಯಲ್ಲಿ. ಒಮ್ಮೆ ನೋಡಿ ಮತ್ತೆ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ಎರಡು ಸಲ ನೀವು ನನ್ನ ಹೊರಗೆ ಹಾಕಿದ್ರಿ ಸಾರ್," ಎಂದಳು. "ಮೂರನೇ ಸಲ ನನ್ನ ನಾನೇ ಹೊರಗೆ ಹಾಕ್ಕೊಳ್ಳಲ್ಲ."

"ಕ್ವೀನಿ, ಕೊನೇ ಸಲ ಕೇಳ್ತಿದೀನಿ," ಎಂದ ಲೆನ್. ಅವನ ದನಿಯಲ್ಲೂ ಅಳುವಿತ್ತು. "ಬರ್ತೀಯೋ ಇಲ್ವೋ?"

"ನೀನು ಹೋಗೋ. ಎರಡನೇ ಹಾಡಲ್ಲಿ ನೀನು ತಾಳ ಬಿಟ್ಟು ಓಡ್ತೀಯ, ಹಿಡಿಯೋರು ಇರಲ್ಲ. ನಿಧಾನವಾಗಿ ಹಾಡು."

ಲೆನ್ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಹಿಂದೆ ಮಾರಿಸ್, ಅವನ ಹಿಂದೆ ಚಹಾ ಪೆಟ್ಟಿಗೆ ಹೊತ್ತ ಟೆಡ್.

ಮುಂದೇನಾಯಿತೆಂದು ಮುಚ್ಚಿಡುವುದು ಬೇಡ. ಬುಧವಾರ ಕಂಪನಿಯವರು ಬಂದರು, ಲೆನ್‌ನ ಕೈಯಲ್ಲಿ ಸಹಿ ಹಾಕಿಸಿಕೊಂಡರು. ಕ್ರಿಸ್‌ಮಸ್ ಹೊತ್ತಿಗೆ ಅವನ ಹಾಡು ಪ್ರತಿ ಕಾಫಿ ಅಂಗಡಿಯಲ್ಲೂ ಕೇಳುತ್ತಿತ್ತು. ಅದರಲ್ಲಿ ಹಲಗೆ ಬಾರಿಸಿದವನು ಯಾರೋ ಕ್ರಾಯ್ಡನ್ನಿನವನು. ಕ್ವೀನಿ ತಂದ ಗತ್ತು, ಕ್ವೀನಿ ಕಂಡುಕೊಂಡ ಏಟು, ಹೆಸರು ಬೇರೆಯವರದು. ಅವಳಿಗೆ ಹೊಟ್ಟೆ ಉರಿಯಿತು, ವರ್ಷಗಟ್ಟಲೆ ಉರಿಯಿತು, ಅದನ್ನವಳು ಯಾರಿಂದಲೂ ಬಚ್ಚಿಡಲಿಲ್ಲ. ಪೆಲಿಕನ್ನಿನವರು ಹದಿನಾಲ್ಕರಲ್ಲಿ ಆರು ಜನರನ್ನು ವಾಪಸು ತೆಗೆದುಕೊಂಡರು. ಆ ಆರರಲ್ಲಿ ಪಿಂಚ್‌ಬೆಕ್ ಇರಲಿಲ್ಲ. ಸ್ಕಿಫಲ್‌ನ ಚರಿತ್ರೆ ಹೇಳುವವರು ಲೆನ್‌ನಿಂದ ಶುರುಮಾಡುತ್ತಾರೆ. ಹೇಳಿಕೊಳ್ಳಲಿ. ಅದಾದ ಮೇಲೂ ಮೂವತ್ತೊಂದು ವರ್ಷ ಅವಳು ಹಲಗೆ ಬಾರಿಸಿದಳು, ಮದುವೆಮನೆಗಳಲ್ಲಿ, ಹಡಗುಕಟ್ಟೆಯ ಮುಷ್ಕರಗಳಲ್ಲಿ, ಬಂದೀಖಾನೆಗಳಲ್ಲಿ. ಒಂದು ವರ್ಷವೂ ಸಂಘದ ಚಂದಾ ತಪ್ಪಿಸಲಿಲ್ಲ.

ಆದರೆ ಆ ಸೋಮವಾರ ಬೆಳಿಗ್ಗೆ ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿದ ಸದ್ದಷ್ಟೇ ಕೇಳಿಸಿತ್ತು. ಅವಳು ಬಗಲಿನ ಕಟ್ಟು ಬಿಚ್ಚಿ, ಪಿಟೀಲಿನವನಿಗೊಂದು, ತುತ್ತೂರಿಯವನಿಗೊಂದು, ಹೀಗೆ ಹದಿನಾಲ್ಕು ಜನರಿಗೂ ಹಾಳೆ ಹಂಚಿದಳು.

ಪಿಂಚ್‌ಬೆಕ್ ತನ್ನ ಪಾಲಿನದನ್ನು ದೂರ ಹಿಡಿದು ಓದಿದ. "ಡ್ರಮ್ಮಿಗೆ ಏನೂ ಕೆಲಸಾನೇ ಇಟ್ಟಿಲ್ವಲ್ಲೇ ಇದರಲ್ಲಿ!"

"ಹಲಗೆ ಇದ್ಯಲ್ಲ ಸಾರ್. ನೀವು ಸುಮ್ನೆ ಹಿಂದೆ ಬನ್ನಿ."

ಪಿಂಚ್‌ಬೆಕ್ ಕಡ್ಡಿಗಳನ್ನು ಕೈಗೆ ತೆಗೆದುಕೊಂಡು ಅವಳಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಕ್ವೀನಿ ಎಂಟು ಬೆರಳಿಗೂ ಅಂಗುಸ್ತಾನ ಏರಿಸಿ, ನಾಲ್ಕು ಎಣಿಸಿ, ಶುರುಮಾಡಿದಳು. ಕಣ್ಣೀರು ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಹಲಗೆಯ ತಗಡಿಗೆ ಇಳಿಯುತ್ತಲೇ ಇತ್ತು. ತಾಳ ಮಾತ್ರ ಒಂದು ಏಟೂ ತಪ್ಪಲಿಲ್ಲ.