ಹಲ್ಲುಹಳಿಯ ದಾರಿ

ನನಗೆ ಓದು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೊಂಕು ತೆಗೆಯುವುದು ಬೇಡ. ಆದರೂ ೧೯೨೭ರಲ್ಲಿ ಊಟಿ ಹತ್ತಿರದ ವೆಲ್ಲಿಂಗ್ಟನ್ ದಂಡಿನ ಡಾಕ್ಟರ್ ದೊರೆಯ ಸಂಸಾರ ಯುರೋಪಿನ ಮೂರು ದೇಶ ಹಾದು ಹೊತ್ತಿಗೆ ಸರಿಯಾಗಿ ಲಂಡನ್ ಮುಟ್ಟಿತಲ್ಲ, ಅದು ಈ ಲಿಂಗಿಯಿಂದ.

ನನ್ನ ಗಂಡನಿಗೆ ಊಟಿಯ ಫರ್ದುನ್‌ಜಿ ಸೇಟರ ಅಂಗಡಿಯಲ್ಲಿ ಗುಮಾಸ್ತೆ ಕೆಲಸ. ಹಡಗಿನ ಟಿಕೆಟ್ಟು, ರೈಲಿನ ಟಿಕೆಟ್ಟು ಮಾಡಿಸಿಕೊಡುವ ಅಂಗಡಿ ಅದು. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತೇನೆ ಎಂದಿದ್ದರು ಸೇಟರು. ನಮ್ಮ ಹಟ್ಟಿಯಿಂದ ಹೋಗಿ ಮೇಜಿನ ಮುಂದೆ ಕೂತವನು ಅವನೊಬ್ಬನೇ. ಆ ಕೆಲಸ ಹೋದರೆ ಮತ್ತೆ ಆಲೂಗೆಡ್ಡೆ ಹೊಲ, ಜೊತೆಗೆ ಅವನಣ್ಣ ನಂಜುಂಡನ ನಗು. ಹೊಲಕ್ಕೆ ನಾನು ಹೆದರುವವಳಲ್ಲ, ಆ ನಗುವನ್ನು ಮಾತ್ರ ಸಹಿಸಲಾರೆ.

ಡಾಕ್ಟರ್ ದೊರೆ, ಮೇಮ್‌ಸಾಹೇಬರು, ನಾಲ್ಕು ಮಕ್ಕಳು. ವೆನಿಸ್ಸಿನಲ್ಲಿ ಹಡಗಿಳಿದು ಇಟಲಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಮೇಮ್‌ಸಾಹೇಬರ ತಂಗಿಯ ಮದುವೆ. ಯಾವ ರೈಲು ಎಲ್ಲಿ ಹಿಡಿಯಬೇಕೆಂದು ಮದರಾಸಿನ ಒಂದು ಕಚೇರಿಯವರು ಪಟ್ಟಿ ಮಾಡಿ ಕಳಿಸಿದ್ದರು. ಅದನ್ನು ನಕಲು ಮಾಡಿ, ಮೇಮ್‌ಸಾಹೇಬರ ರುಜು ಹಾಕಿಸಿ ಹಿಂದಕ್ಕೆ ಕಳಿಸಿದರೆ ಟಿಕೆಟ್ಟಾಗುತ್ತದೆ. ನಕಲು ಮಾಡಲು ಭಾನುವಾರ ನನ್ನ ಗಂಡ ಪಟ್ಟಿಯನ್ನೂ ಭೂಪಟವನ್ನೂ ಮನೆಗೆ ತಂದ.

ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಭೂಪಟದಲ್ಲಿ ರೈಲಿನ ದಾರಿಗಳೆಲ್ಲ ಬೋಳು ಗೆರೆಗಳು. ಒಂದು ಕಡೆ ಮಾತ್ರ ಗೆರೆಗೆ ಸಣ್ಣ ಸಣ್ಣ ಹಲ್ಲು ಮೂಡಿದ್ದವು.

"ಈ ದಾರಿ ಮಲೆ ಹತ್ತುವುದಾ?" ಎಂದೆ.

"ಹ್ಞೂಂ, ಮಂಜಿನ ಮಲೆ. ಮಕ್ಕಳಿಗೆ ತೋರಿಸಬೇಕು ಅಂತ ಮೇಮ್‌ಸಾಹೇಬರ ಆಸೆ."

"ಎಷ್ಟು ಹೊತ್ತು ಹಾಕಿದಾರೆ?"

"ಒಂದೂಕಾಲು ಗಂಟೆ. ಈ ಚಿಕ್ಕ ಲೈನಿನ ಹೊತ್ತು ರೈಲು ಪುಸ್ತಕದಲಿ ಇಲ್ಲೆ. ನಲವತ್ತಾರು ಮೈಲಿ ಅಂತ ಅಳೆದು, ಬಯಲ ಗಾಡಿಯ ಲೆಕ್ಕದಲಿ ಹಾಕಿದಾರೆ."

ನನಗೆ ನಗು ತಡೆಯಲಾಗಲಿಲ್ಲ. ನನ್ನ ಅಪ್ಪ, ಬೆಳ್ಳಿ ಎಂದು ಅವನ ಹೆಸರು, ಇಪ್ಪತ್ತು ವರ್ಷ ನಮ್ಮ ಬೆಟ್ಟದ ರೈಲಿನಲ್ಲಿ ಬ್ರೇಕು ಹಿಡಿದವನು. ಬೆಟ್ಟದ ಬುಡದ ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಎರಡು ಹಳಿಗಳ ನಡುವೆ ಹಲ್ಲುಹಳಿ ಶುರುವಾಗುತ್ತದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಹತ್ತಬೇಕು. ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಆ ಗಾಡಿಯ ಜೊತೆ ನಡೆದುಕೊಂಡೇ ಮಾತಾಡಿದವಳು ನಾನು.

"ಎನ್ನ ಅಪ್ಪನ ಗಾಡಿ ಕೂನೂರಿಗೆ ಹದಿನೇಳು ಮೈಲಿ ಹತ್ತಲು ಮೂರು ಗಂಟೆ ತಕ್ಕೊಂಬುದು. ಇವರದು ಏನು, ಹಾರುವುದಾ?"

ಅವನ ಕೈಯ ಪೆನ್ನು ನಿಂತಿತು. ಮಲೆಯ ಗಾಡಿ ತಡವಾದರೆ ಪ್ಯಾರಿಸ್ಸಿಗೆ ಹೋಗುವ ಗಾಡಿ ತಪ್ಪುತ್ತದೆ, ಅದು ತಪ್ಪಿದರೆ ಮದುವೆಯೇ ತಪ್ಪುತ್ತದೆ. ಆದರೂ ಮದರಾಸಿನವರ ತಪ್ಪು ಎತ್ತಿ ಆಡಲು ಅವನಿಗೆ ಹೆದರಿಕೆ.

"ನೀ ಹೇಳದಿದ್ದರೆ ನಾನೇ ಇಳಿದು ಹೋಗಿ ಹೇಳುವೆ," ಎಂದೆ. ನಾನು ಅಂಗಡಿಗೆ ಬಂದು ನಿಲ್ಲುವುದಕ್ಕಿಂತ ತಾನೇ ಹೇಳುವುದು ವಾಸಿ ಎನಿಸಿರಬೇಕು, ಮಾರನೆಯ ದಿನ ಹೇಳಿದ.

ಸೇಟರು ಕೆಂಡವಾದರಂತೆ. "ಮದರಾಸಿನವರಿಗಿಂತ ನೀನು ಮೇಲೋ? ಆ ಮಲೆಯ ರೈಲಿನವರಿಗೇ ತಂತಿ ಕೊಟ್ಟು ಕೇಳುತ್ತೇನೆ. ನಿನ್ನ ಮಾತು ಸುಳ್ಳಾದ ದಿನ ಕೋಟು ತೆಗೆದುಕೊಂಡು ಹೊರಡು," ಎಂದರಂತೆ.

ಒಂದು ವಾರ ಅವನಿಗೆ ಊಟ ಸೇರಲಿಲ್ಲ. ನಾನು ಧೈರ್ಯದ ಮುಖ ಹಾಕಿಕೊಂಡೇ ಇದ್ದೆ. ಆದರೆ ಆ ದೇಶದ ಎಂಜಿನ್ನು ನಮ್ಮದಕ್ಕಿಂತ ಜೋರಿದ್ದರೆ? ನನ್ನ ಬಾಯಿಂದ ಅವನ ಕೆಲಸ ಹೋದರೆ?

ಮುಂದಿನ ಸೋಮವಾರ ಬಂತು. ಸೋಮವಾರ ನಮ್ಮವರು ನೇಗಿಲು ಮುಟ್ಟುವುದಿಲ್ಲ, ಹಟ್ಟಿಯವರೆಲ್ಲ ಬಿಸಿಲಿಗೆ ಹೊರಗೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ದಾರಿಯಲ್ಲಿ ಫರ್ದುನ್‌ಜಿ ಸೇಟರು ಹತ್ತಿ ಬರುತ್ತಿದ್ದರು, ಹಿಂದೆ ಭೂಪಟ ಹೊತ್ತ ನನ್ನ ಗಂಡ.

"ಕೆಲಸ ಹೋತು," ಎಂದು ನಂಜುಂಡ ನಕ್ಕ.

ಕೆಲಸದಿಂದ ತೆಗೆಯಲು ಯಾವ ಸೇಟೂ ಇಷ್ಟು ಗುಡ್ಡ ಹತ್ತುವುದಿಲ್ಲ ಎಂದು ನನಗೆ ಆಗಲೇ ಹೊಳೆಯಿತು. ಏದುಸಿರಿಗೆ ಅವರಿಂದ ಮಾತು ಹೊರಡಲಿಲ್ಲ. ನನ್ನೆದುರು ನಿಂತು ಮೂರು ಬೆರಳು ಎತ್ತಿ ತೋರಿಸಿದರು.

"ಮೂರು ಗಂಟೆ. ತಂತಿ ಬಂತು," ಎಂದರು ಕೊನೆಗೆ. "ಈ ತಪ್ಪು ಕಂಡುಹಿಡಿದವರು ಯಾರು ಅಂತ ಮೇಮ್‌ಸಾಹೇಬರು ಕೇಳಿದರಮ್ಮ. ನಮ್ಮ ಅಂಗಡಿ ಅಂದೆ. ನಿನ್ನ ಗಂಡ ನಡುವೆ ಬಾಯಿ ಹಾಕಿ, ನನ್ನ ಮನೆಯವಳು ಅಂದುಬಿಟ್ಟ. ಈಗ ಮೇಮ್‌ಸಾಹೇಬರು, ನೀನು ನೋಡಿ ಸರಿ ಅನ್ನುವ ತನಕ ರುಜು ಹಾಕೋದಿಲ್ಲ ಅಂತಾರೆ. ಇವನ ಕೆಲಸ ಇವತ್ತಿಂದ ಖಾಯಂ. ಒಂದು ಸಲ ಪೂರ್ತಿ ನೋಡಿಕೊಡು."

ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ. ಗಂಡನ ಮೇಲೆ ಪ್ರೀತಿ ಅದಕ್ಕಿಂತ ಹೆಚ್ಚಾಯಿತು. ಸೇಟರಿಗೆ ಕಾಫಿ ಕೊಟ್ಟೆ, ಕೈ ತೊಳೆದುಕೊಂಡೆ, ಜಗಲಿಯ ಮೇಲೆ ಭೂಪಟ ಹಾಸಿಸಿದೆ. ಹಟ್ಟಿಯೆಲ್ಲ ಸುತ್ತ ನೆರೆಯಿತು. ವೆನಿಸ್ಸಿನಿಂದ ಬೆರಳಿಟ್ಟು ನಿಧಾನವಾಗಿ ಹೊರಟೆ. ಗಾಳಿಗೆ ಭೂಪಟದ ಮೂಲೆ ಮತ್ತೆ ಮತ್ತೆ ಏಳುತ್ತಿತ್ತು.

"ಭಾವ, ಅದನ್ನ ಹಿಡುಕೊ," ಎಂದೆ.

ನಂಜುಂಡ ಮಂಡಿಯೂರಿ ಎರಡೂ ಕೈಯಿಂದ ಮೂಲೆ ಒತ್ತಿ ಹಿಡಿದ. ನನ್ನ ಬೆರಳು ಲಂಡನ್ ಮುಟ್ಟುವವರೆಗೂ ಅವನು ಬಿಡಲಿಲ್ಲ.